ಪೆನ್‌ಡ್ರೈವ್‌ನಲ್ಲಿ ವೈರಸ್ ಇರಲಿಲ್ಲ

ನಮ್ಮ ಸಂಜೆ ಪತ್ರಿಕೆಯ ಪುಟ ಕಟ್ಟುತ್ತಿದ್ದ ಕಂಪ್ಯೂಟರನ್ನು ಕೆಡಿಸಿದವನು ನಾನು. ಆರೋಪ ಹೊತ್ತವರು ಶಕೀಲಾ. ಮರುದಿನ ಮೊದಲ ಪುಟದ ಕೆಳಗೆ ಚೌಕಟ್ಟಿನಲ್ಲಿ ಬಂದ ಸುದ್ದಿ ಸುಳ್ಳು, ಅದನ್ನು ಬರೆದವನೂ ನಾನೇ.

ಇಷ್ಟನ್ನು ಬರೆಯಲು ವರ್ಷಗಳು ಬೇಕಾದವು. ಬರೆದ ಮೇಲೆ ಎದೆ ಹಗುರಾಗಿದೆ. ತಪ್ಪೊಪ್ಪಿಕೊಳ್ಳಲು ಕೂತವನ ಮುಖ ಸಪ್ಪಗಿರಬೇಕು ಎಂಬುದು ಗೊತ್ತು. ಆದರೆ ಈ ಸಂಗತಿಯೊಳಗೆ ನಮ್ಮ ಕಚೇರಿ ಕಂಡ ಅತಿ ಸಂತೋಷದ ದಿನವೊಂದಿದೆ. ಅದನ್ನು ಬಿಟ್ಟು ಬರೆದರೆ — ಅದು ಇನ್ನೊಂದು ಸುಳ್ಳಾಗುತ್ತದೆ.

ಪತ್ರಿಕೆ ರಾಣೆಬೆನ್ನೂರಿನದು. ಮಧ್ಯಾಹ್ನ ಅಚ್ಚಾಗಿ ಸಂಜೆ ಬಸ್ಸುಗಳಲ್ಲಿ ಹಾವೇರಿಗೆ, ಬ್ಯಾಡಗಿಗೆ ಹೋಗುತ್ತದೆ. ಆಗ ಕಚೇರಿಯಲ್ಲಿದ್ದವರು ನಾವು ನಾಲ್ವರು. ಮಾಲೀಕರೂ ಸಂಪಾದಕರೂ ಆಗಿದ್ದ ಗೌಡರು, ಅಪರಾಧ ಸುದ್ದಿ ತರುತ್ತಿದ್ದ ಮಂಜಣ್ಣ, ಪುಟ ವಿನ್ಯಾಸ ಮಾಡುತ್ತಿದ್ದ ಶಕೀಲಾ, ಬಂದದ್ದನ್ನೆಲ್ಲ ತಿದ್ದುತ್ತಿದ್ದ ಉಪಸಂಪಾದಕ ನಾನು. ಅನುಮಾನ ಪಡುವುದೇ ನನ್ನ ಕೆಲಸವಾಗಿತ್ತು. ಯಾರು ಹೇಳಿದರು? ನೀವು ಕಣ್ಣಾರೆ ಕಂಡಿರಾ? — ಈ ಪ್ರಶ್ನೆ ಕೇಳದೆ ನಾನು ಒಂದು ಸಾಲನ್ನೂ ಪುಟಕ್ಕೆ ಬಿಟ್ಟವನಲ್ಲ.

ಆ ವರ್ಷ ಕಂಪ್ಯೂಟರಿಗೆ ಹೊಸ ಕಾರ್ಯಾಚರಣಾ ವ್ಯವಸ್ಥೆಯೊಂದು, ಅಂದರೆ ಆಪರೇಟಿಂಗ್ ಸಿಸ್ಟಮ್, ಬರುವುದಿತ್ತು. ಬಿಡುಗಡೆಗೆ ಮೊದಲೇ ಅದರ ಪ್ರಾಯೋಗಿಕ ಆವೃತ್ತಿಯನ್ನು ಬೇಕಾದವರು ಇಳಿಸಿಕೊಂಡು ನೋಡಬಹುದಿತ್ತು. ಅದರಲ್ಲಿ ಎಲ್ಲವೂ ಕನ್ನಡದಲ್ಲಿರುತ್ತದೆ, ಕಾಗುಣಿತ ತಪ್ಪಿದರೆ ಅದೇ ಗೆರೆ ಎಳೆದು ತೋರಿಸುತ್ತದೆ, ಮಾತಾಡಿದರೆ ಬರೆದುಕೊಳ್ಳುತ್ತದೆ ಎಂದು ಓದಿದ್ದೆ. ದಿನವಿಡೀ ಒತ್ತು, ದೀರ್ಘ, ಅಲ್ಪಪ್ರಾಣ ತಿದ್ದುವವನಿಗೆ ಇದು ಎಂಥ ಆಸೆ ಎಂದು... ಇರಲಿ. ಕಚೇರಿಯಲ್ಲಿ ಮಾತು ತೆಗೆದೆ.

“ಪೂರಾ ಆಗಲಿ ಸರ, ಆಮ್ಯಾಲೆ ಹಾಕೂಣು,” ಅಂದರು ಶಕೀಲಾ. “ಅರ್ಧಾ ಬೆಂದ ಅನ್ನ ಯಾರರ ಬಡಸ್ತಾರೇನ್ರಿ?”

“ಹಾಕ್ರಿ, ಹಾಕ್ರಿ,” ಅಂದ ಮಂಜಣ್ಣ. “ನಾ ಸ್ಟೇಷನ್ನಿನಿಂದ ಫೋನಿನ್ಯಾಗ ಹೇಳಿದ್ದು ಅದ ಬರಕೊಂತೈತಿ ಅಂದ್ರ, ಇವರ ಕಡಿಂದ ಬೈಸ್ಕೊಳ್ಳೂದರ ತಪ್ಪತೈತಿ.”

ಗೌಡರು ಚಹದ ಕಪ್ಪಿನಿಂದ ತಲೆಯೆತ್ತಲಿಲ್ಲ. “ಪೇಪರ್ ನಿಂದರಬಾರದು. ಉಳದದ್ದು ನೀವು ನೀವ ನೋಡ್ಕೋರಿ.”

ನನ್ನ ಮೇಜಿನ ಕಂಪ್ಯೂಟರ್ ಇಮೇಲ್ ತೆರೆಯುವುದಕ್ಕೇ ಏದುಸಿರು ಬಿಡುತ್ತಿತ್ತು. ಹೊಸದನ್ನು ತಡೆದುಕೊಳ್ಳುವ ಶಕ್ತಿ ಇದ್ದದ್ದು ಶಕೀಲಾ ಅವರ ಯಂತ್ರಕ್ಕೆ ಮಾತ್ರ. ಪುಟ ಕಟ್ಟುತ್ತಿದ್ದದ್ದೂ ಅದೊಂದರಲ್ಲೇ. ನಿತ್ಯದ ಕೆಲಸ ಮಾಡುವ ಯಂತ್ರಕ್ಕೆ ಇದನ್ನು ಹಾಕಬೇಡಿ ಎಂದು ತಯಾರಕರೇ ಬರೆದಿದ್ದರು. ನಾನದನ್ನು ಓದಿದ್ದೆ. ಓದಿಲ್ಲ ಎನ್ನುವ ದಾರಿ ನನಗಿಲ್ಲ.

“ಆತು, ಬ್ಯಾಡ ಬಿಡು ತಂಗಿ,” ಅಂದೆ. ಹಾಗೆ ಒಪ್ಪಿದವನೇ, ಪತ್ರಿಕೆಗೆ ರಜೆಯಿದ್ದ ಭಾನುವಾರ ಮಧ್ಯಾಹ್ನ, ಕಚೇರಿಯ ಬೀಗ ತೆಗೆದು ಅವರ ಕುರ್ಚಿಯಲ್ಲಿ ಹೋಗಿ ಕೂತೆ.

ಆ ಮಧ್ಯಾಹ್ನದ ಖುಷಿಯನ್ನು ಹೇಗೆ ಹೇಳಲಿ — ತೆರೆ ಬೆಳಗಿತು, ‘ನಮಸ್ಕಾರ’ ಎಂದು ಅಕ್ಷರ ಮೂಡಿತು. ಕಡತ, ತಿದ್ದು, ಉಳಿಸು... ಪ್ರತಿ ಮೂಲೆಯಲ್ಲೂ ಕನ್ನಡ. ಖಾಲಿ ಕಚೇರಿಯಲ್ಲಿ ಒಬ್ಬನೇ ಕೂತು ಕಂಪ್ಯೂಟರಿಗೆ ಊರುಗಳ ಹೆಸರು ಹೇಳಿದೆ. ಕುಮಾರಪಟ್ಟಣ ಅಂದೆ, ಬರೆಯಿತು. ಕಾಗಿನೆಲೆ ಅಂದೆ, ಬರೆಯಿತು. ಹೆಂಡತಿಯ ಹೆಸರು ಹೇಳಿ ಸುಮ್ಮನೆ ನೋಡುತ್ತ ಕೂತೆ. ಗಂಡಸು ಇಷ್ಟು ಸಣ್ಣದಕ್ಕೆ ಇಷ್ಟು ಹಿಗ್ಗಬಹುದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಹಿಂದಿನ ದಿನದ ಪುಟ ತೆರೆದೆ. ಕನ್ನಡದ ಜಾಗದಲ್ಲಿ ಗೀಟು, ಚುಕ್ಕೆ, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ನಮ್ಮ ಪುಟಗಳೆಲ್ಲ ಹಳೇ ಕಾಲದ ಕನ್ನಡ ತಂತ್ರಾಂಶದಲ್ಲಿ ಕಟ್ಟಿದವು. ಹೊಸ ವ್ಯವಸ್ಥೆಯಲ್ಲಿ ಆ ತಂತ್ರಾಂಶ ಏಳಲೇ ಇಲ್ಲ. ‘ಹಿಂದಿನ ಆವೃತ್ತಿಗೆ ಮರಳು’ ಎಂಬುದನ್ನು ಒತ್ತಿದೆ. ಅರ್ಧದಾರಿಗೆ ಹೋಗಿ ತೆರೆ ಕಪ್ಪಾಯಿತು, ನಡುವೆ ಒಂದು ಬಿಳಿ ಉಂಗುರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಸಂಜೆಯ ಬೆಳಕು ಇಳಿಯುವ ಮೊದಲು ನಾನು ಬೀಗ ಹಾಕಿ ಮನೆಗೆ ಹೋದೆ. ಗೌಡರಿಗೆ ಫೋನು ಮಾಡಬಹುದಿತ್ತು.

ಸೋಮವಾರ ಬೆಳಿಗ್ಗೆ ಶಕೀಲಾ ಎಷ್ಟು ಬಾರಿ ಗುಂಡಿ ಒತ್ತಿದರೂ ಅದೇ ಉಂಗುರ. ಮಧ್ಯಾಹ್ನದೊಳಗೆ ಪುಟ ಪ್ರೆಸ್ಸಿಗೆ ಹೋಗಬೇಕು. ಗೌಡರು ತಲೆ ಮೇಲೆ ಕೈಹೊತ್ತು ಕೂತರು. ಆಗ ಶಕೀಲಾ ಡ್ರಾಯರಿನಿಂದ ಕರೀ ಮಸಿಯ ಪೆನ್ನುಗಳನ್ನು ತೆಗೆದು ಮೇಜಿನ ಮೇಲೆ ಸುರಿದರು.

“ನಮ್ಮಜ್ಜ ಲಗ್ನಪತ್ರಿಕಿ ಎಲ್ಲಾ ಉರ್ದುದಾಗ ಕೈಲೇ ಬರೀತಿದ್ದ. ಪೇಪರೂ ಬರೀಬಹುದಲ್ರಿ?”

ಬರೆದೆವು. ತಲೆಬರಹಗಳೆಲ್ಲ ಶಕೀಲಾ ಅವರವು, ಅಗಲ ಮೊನೆಯ ಪೆನ್ನಿನಲ್ಲಿ. ಒಳಗಿನದನ್ನು ಯಾರ ಸುದ್ದಿಯೋ ಅವರೇ ಬರೆಯಬೇಕೆಂದು ಠರಾವಾಯಿತು. ಗೌಡರು ಕನ್ನಡಕ ಏರಿಸಿ ಬ್ಯಾಡಗಿ ಮೆಣಸಿನಕಾಯಿ ದರ ಬರೆದರು. ಮಂಜಣ್ಣನ ಹಾಳೆ ನೋಡಿ ಕೇಳಿದೆ: “ಇದು ಕಳವೋ, ಕೊಲೆಯೋ?”

“ತಡ್ರಿ, ನನಗೂ ತಿಳೀವಲ್ದು,” ಅಂದ ಅವನು, ತನ್ನದೇ ಬರಹವನ್ನು ಬೆಳಕಿಗೆ ಹಿಡಿದು.

ಬರೆದ ಹಾಳೆಗಳನ್ನು ಕತ್ತರಿಸಿ, ಪುಟದ ಅಳತೆಗೆ ಅಂಟಿಸಿ ಪ್ರೆಸ್ಸಿಗೆ ಕಳಿಸಿದೆವು. ಪತ್ರಿಕೆ ನಿಲ್ಲಲಿಲ್ಲ. ಸಂಜೆ ಫೋನುಗಳು ಶುರುವಾದವು. ಹಾವೇರಿಯ ಶಿಕ್ಷಕಿಯೊಬ್ಬರು ಮಕ್ಕಳಿಗೆ ತೋರಿಸಲು ಇನ್ನೂ ನಾಲ್ಕು ಪ್ರತಿ ಬೇಕೆಂದರು. ಹಲಗೇರಿಯಿಂದ ಒಬ್ಬರು ಕೇಳಿದರು: “ಎರಡನೇ ಪುಟ ಬರದವ್ರು ಯಾರ್ರೀ? ನಮ್ಮೂರ ಡಾಕ್ಟರಿಗೆ ತೋರಿಸಿದ್ವಿ, ಅವರಿಗೂ ಓದಾಕ ಬರಲಿಲ್ಲ.” ಅದು ನನ್ನ ಬರಹ. ಗೌಡರು ನಕ್ಕು ನಕ್ಕು ಕೆಮ್ಮಿದರು, ಶಕೀಲಾ ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟು ನಗು ಆ ಕೋಣೆಯಲ್ಲಿ ಮೊದಲೂ ಇರಲಿಲ್ಲ, ಆಮೇಲೂ...

ಆ ನಗುವಿನ ನಡುವೆಯೇ ಗೌಡರು ಕರೆಸಿದ್ದ ರಿಪೇರಿಯವನು, ಕಪ್ಪು ತೆರೆಯಲ್ಲಿ ಕಾರಣವೇನೂ ಕಾಣದೆ, ಯಂತ್ರದ ಹಿಂದೆ ಬಗ್ಗಿ ಕೇಳಿದ: “ಪೆನ್‌ಡ್ರೈವ್ ಏನರ ಹಾಕಿದ್ರೇನ್ರಿ?”

ಅಲ್ಲಿ ಕೆಂಪು ಪೆನ್‌ಡ್ರೈವ್ ಒಂದು ಸಿಕ್ಕಿಸಿದಂತೆಯೇ ಇತ್ತು. ಶಕೀಲಾ ಬಿಡುವಿನಲ್ಲಿ ನೆರೆಮನೆಯವರ ನಿಕಾಹ್ ಪತ್ರಿಕೆ ಮಾಡಿಕೊಡುತ್ತಿದ್ದರು. ಶನಿವಾರ ಮರೆತು ಹೋಗಿದ್ದರು.

“ನಿಂದೇನವಾ?” ಗೌಡರ ನಗು ನಿಂತಿತ್ತು.

“ಹೌದ್ರಿ.”

“ಮತ್ತ ಅದರಾಗಿಂದನ ಬಂದೈತಿ ವೈರಸ್.”

ಶಕೀಲಾ ನನ್ನ ಕಡೆ ನೋಡಿದರು. ಯಾಕೆ ನೋಡಿದರೆಂದು ನನಗೆ ಆಗಲೇ ಗೊತ್ತಿತ್ತು. ಯಾರು ಹೇಳಿದರು, ನೀವು ಕಂಡಿರಾ ಎಂದು ಕೇಳುವವನು ಆ ಕಚೇರಿಯಲ್ಲಿ ನಾನೊಬ್ಬನೇ. ಅವರು ಆ ಪ್ರಶ್ನೆಗಾಗಿ ಕಾಯುತ್ತಿದ್ದರು. ನಾನು ಕೇಳಲಿಲ್ಲ. ಕೈಯಲ್ಲಿದ್ದ ಮಸಿ ಒರೆಸಿಕೊಳ್ಳುತ್ತ ನಿಂತೆ.

ಮರುದಿನದ ಪತ್ರಿಕೆಗೆ ಗೌಡರು ಒಂದು ವಿವರಣೆ ಬರೆಯಲು ಹೇಳಿದರು. ‘ಹೊರಗಿನ ಪೆನ್‌ಡ್ರೈವ್‌ನಿಂದ ವೈರಸ್ ಹರಡಿ ಯಂತ್ರ ಸ್ಥಗಿತಗೊಂಡಿತ್ತು ಎಂದು ತಿಳಿದುಬಂದಿದೆ’ ಎಂದು ಬರೆದೆ. ತಿಳಿದುಬಂದಿದೆ. ಯಾರಿಂದ ತಿಳಿಯಿತೆಂದು ಹೇಳಲು ಇಷ್ಟವಿಲ್ಲದಾಗ ನಮ್ಮ ವೃತ್ತಿಯಲ್ಲಿ ಬಳಸುವ ಪದ. ಮಂಜಣ್ಣ ಅದನ್ನು ಬರೆದಾಗಲೆಲ್ಲ ಹೊಡೆದು ಹಾಕುತ್ತಿದ್ದವನು ನಾನು. ಹೆಸರು ಹಾಕಲಿಲ್ಲ ಎಂದು ಸಮಾಧಾನ ಪಟ್ಟುಕೊಂಡೆ. ನಮ್ಮ ಕಚೇರಿಯಲ್ಲಿ ಪುಟ ಮಾಡುವವರು ಒಬ್ಬರೇ ಎಂದು ಓದುವವರಿಗೆಲ್ಲ ಗೊತ್ತಿತ್ತು.

ರಿಪೇರಿಯವನು ಒಳಗಿದ್ದದ್ದನ್ನೆಲ್ಲ ಅಳಿಸಿ ಯಂತ್ರ ಸರಿ ಮಾಡಿದ. ಶಕೀಲಾ ತಾವೇ ಬಿಡಿಸಿಟ್ಟಿದ್ದ ಬಳ್ಳಿ, ಅಂಚು, ಚೌಕಟ್ಟುಗಳೂ ಅದರ ಜೊತೆಗೇ ಹೋದವು. ಅವರು ಎಂದಿನಂತೆ ಕೆಲಸ ಮಾಡಿದರು, ಆದರೆ ಯಾರಾದರೂ ಫೈಲು ತಂದುಕೊಟ್ಟರೆ ಮುಟ್ಟುವ ಮೊದಲು ಗೌಡರನ್ನು ಕೇಳಿ ಬರುತ್ತಿದ್ದರು. ಅಷ್ಟು ದೂರ ಎದ್ದು ಹೋಗಿ ಬರುವುದನ್ನು ನಾನು ದಿನವೂ ನೋಡಿದೆ. ಮುಂದೆ ಅವರಿಗೆ ಮದುವೆಯಾಯಿತು, ಬ್ಯಾಡಗಿಗೆ ಹೋದರು. ನಾನು ಲಗ್ನಕ್ಕೆ ಹೋಗಿ ಉಂಡು ಬಂದೆ.

ಈಗ ಬ್ಯಾಡಗಿ ಬಸ್ ಸ್ಟ್ಯಾಂಡಿನ ಹತ್ತಿರ ಅವರದೇ ವಿನ್ಯಾಸದ ಅಂಗಡಿ ಇದೆ. ಖಾರದಪುಡಿ ಪ್ಯಾಕೆಟ್ಟಿನ ಲೇಬಲ್ಲು, ಕಾಗಿನೆಲೆಗೆ ಹೋಗುವ ಬ್ಯಾನರು, ಎರಡು ಭಾಷೆಯ ಲಗ್ನಪತ್ರಿಕೆ. ವ್ಯಾಪಾರ ಚೆನ್ನಾಗಿದೆ. ಇದು ನನ್ನ ಪರವಾಗಿ ಹೇಳುವ ಮಾತಲ್ಲ. ಆ ಅಂಗಡಿ ಅವರು ಕಟ್ಟಿದ್ದು.

ಕಳೆದ ವಾರ ಫೋನು ಬಂತು.

“ಸರ, ಹೊಸಾದೊಂದು ಬರಾಕತ್ತೈತಿ, ಪ್ರಾಯೋಗಿಕ ಆವೃತ್ತಿ. ಅದರಾಗ ಉರ್ದು, ಕನ್ನಡ ಎರಡೂ ಒಂದ ಸಾಲಿನ್ಯಾಗ ಸರಿ ಕುಂದರ್ತಾವಂತ. ಈಗ ನಾ ಒಂದೊಂದ ಅಕ್ಷರ ಜಗ್ಗಿ ಕುಂದರಸಾಕತ್ತೇನಿ. ಹಾಕ್ಲೋ, ಬ್ಯಾಡೋ? ನೀವು ಹೆಂಗ ಹೇಳ್ತೀರಿ ಹಂಗ.”

ಹಾಕಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಹಾಕಿ ಎನ್ನಲು — ಬಾಯಿ ಬರಲಿಲ್ಲ. “ನಾನ ಬಂದು ಹೇಳ್ತೇನಿ,” ಅಂದೆ. ಮರುದಿನ ಬಸ್ ಹತ್ತಿದೆ. ಅಂಗಡಿಯಲ್ಲಿ ಗಿರಾಕಿಗಳು ಹೋಗುವವರೆಗೆ ಕಾದು, ಮೇಲೆ ಬರೆದ ಅಷ್ಟನ್ನೂ ಹೇಳಿದೆ.

ಮೊದಲು ಅವರು ನಕ್ಕೇಬಿಟ್ಟರು. “ಏನ್ರೀ ಸರ, ನೀವೇನು!” ಆಮೇಲೆ ನಗು ನಿಂತಿತು.

“ಅವತ್ತ ಮನಿಗೆ ಹೋಗಿ ಆಸಿಫನ ಕಪಾಳಕ್ಕ ಹೊಡದಿದ್ದೆ,” ಅಂದರು. ಆಸಿಫ್ ಅವರ ತಮ್ಮ, ಆಗ ಕಾಲೇಜಿಗೆ ಹೋಗುತ್ತಿದ್ದ. “ಸಿನಿಮಾ ಹಾಕ್ಕೊಂಡು ನೋಡಿದ್ನಲ್ಲ ಆ ಪೆನ್‌ಡ್ರೈವಿನ್ಯಾಗ. ಅವನಿಂದನ ಬಂತು ಅಂತ ಹೊಡದೆ. ನಾ ಅಲ್ಲ ಅಂತ ಅತ್ತಿದ್ದ.”

ಇದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ ನಾನು ಕಾಣದ ಮನೆಯೊಳಗೆ ಹೋಗಿ ಇಂಥದ್ದು ಮಾಡಿತ್ತು.

ಅವರು ಅಲ್ಲೇ ತಮ್ಮನಿಗೆ ಫೋನು ಹಚ್ಚಿದರು. ಉರ್ದುವಿನಲ್ಲಿ ಶುರುವಾದ ಮಾತು ನನಗೂ ಕೇಳಲೆಂದು ಕನ್ನಡಕ್ಕೆ ಹೊರಳಿತು.

“ಆಪಾ, ನಾ ಅವತ್ತ ಹೇಳಿದ್ನೋ ಇಲ್ಲೋ? ಅಲ್ಲಾನ ಆಣಿ ಮಾಡಿ ಹೇಳಿದ್ದೆ!” ಆಸಿಫನ ದನಿ ಅಂಗಡಿ ತುಂಬ. “ಆ ಸರ್ ಅಲ್ಲೇ ಅದಾರೇನು? ಸರ್‍ರ, ಆ ಕಪಾಳದ ಏಟು ಇನ್ಮ್ಯಾಲೆ ನಿಮ್ಮ ಹೆಸರಿಗೆ ಬರ್ಕೋರಿ. ಮದುವಿ ಮನ್ಯಾಗ ಕೂಡ ಇವರೆಲ್ಲಾ ನನ್ನ ‘ವೈರಸ್’ ಅಂತ ಕರದಾರ!”

ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುವ ಹಕ್ಕು ನನಗಿತ್ತೋ ಇಲ್ಲವೋ — ತಡೆಯಲಾಗಲಿಲ್ಲ.

ಫೋನು ಇಟ್ಟ ಮೇಲೆ ಶಕೀಲಾ ಹೇಳಿದರು: “ನನಗ ಹೇಳಿದ್ದು ಚಲೋ ಆತ್ರಿ ಸರ. ಆದ್ರ ಅದು ಪೇಪರಿನ್ಯಾಗ ಬಂದಿತ್ತು. ಎಲ್ಲಾರೂ ಓದಿದ್ರು. ನಮ್ಮ ಅತ್ತಿ ಮನಿಯವ್ರೂ ಸಂಬಂಧ ಮಾತಾಡಾಕ ಬಂದಾಗ ಅದನ್ನ ಕೇಳಿದ್ರು.”

“ಪೇಪರಿನ್ಯಾಗನ ಬರೀತೇನಿ,” ಅಂದೆ.

ಹಾಕಲೋ ಬೇಡವೋ ಎಂಬುದಕ್ಕೆ ಉತ್ತರ ಅವರೇ ಕಂಡುಕೊಂಡರು. ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿನ ಧೂಳು ಒರೆಸಿ, ಕೆಟ್ಟರೆ ಇದು ಕೆಡಲಿ ಅಂದರು. ಇಳಿಯುವುದು ಮುಗಿದ ಮೇಲೆ ಒಬ್ಬ ವರನ ಹೆಸರನ್ನು ಎರಡೂ ಲಿಪಿಯಲ್ಲಿ ಬೆರಳಚ್ಚಿಸಿದರು. ಬಲದಿಂದ ಉರ್ದು, ಎಡದಿಂದ ಕನ್ನಡ, ಒಂದೇ ಸಾಲಿನಲ್ಲಿ ಬಂದು ನಡುವೆ ಕೂಡಿ ನಿಂತವು. ಅವರು ಚಪ್ಪಾಳೆ ತಟ್ಟಿದರು. ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಹೊರಡುವಾಗ ಕೇಳಿದರು: “ಬರೀತೀರಲ್ಲ, ನಮ್ಮ ಅಂಗಡಿ ಹೆಸರೂ ಹಾಕ್ತೀರೇನು?”

“ಅದು ಜಾಹೀರಾತು ಆಗ್ತೈತಿ ತಂಗಿ,” ಅಂದೆ, ರೂಢಿಯಿಂದ.

“ಅಬಾಬಾ! ಹೆಸರು ಕೆಡಸೂದು ಪುಕ್ಕಟ, ಚಲೋ ಮಾಡೂದಕ್ಕ ಜಾಹೀರಾತು!”

ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಗೌಡರಿಗೂ ಹೇಳಿದ್ದೇನೆ. ಪತ್ರಿಕೆಯನ್ನು ನನ್ನ ಕೈಗೆ ಬಿಟ್ಟು ಅವರು ಮನೆಯಲ್ಲಿದ್ದಾರೆ. ಎಲ್ಲ ಕೇಳಿಸಿಕೊಂಡು ಶಕೀಲಾ ಅವರ ಫೋನ್ ನಂಬರ್ ಕೇಳಿ ಪಡೆದರು.

ಆ ಸುಳ್ಳು ಬಂದ ಪತ್ರಿಕೆಯಲ್ಲೇ, ಅದೇ ಮೊದಲ ಪುಟದಿಂದ, ನನ್ನ ಹೆಸರಿನಲ್ಲಿ ಇದನ್ನು ಅಚ್ಚು ಹಾಕುತ್ತಿದ್ದೇನೆ. ಕ್ಷಮಿಸಿದೆ ಎಂದು ಶಕೀಲಾ ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಆಸಿಫ್ ಈಗ ಹಾವೇರಿಯಲ್ಲಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ನಕ್ಕನೆಂದು ಮುಗಿಯಲಿಲ್ಲ. ಇದು ಅಚ್ಚಾದ ಸಂಜೆ, ಪತ್ರಿಕೆ ಹೋಗುವ ಬಸ್ಸಿನಲ್ಲೇ ಹಾವೇರಿಗೆ ಹೋಗುತ್ತೇನೆ. ಅವನ ಎದುರು ನಿಂತು ಹೇಳುವುದು ಇನ್ನೂ ಉಳಿದಿದೆ.