ಮಾವು ತೊಳೆದ ನೀರಿನ ಚೌಕಾಸಿ

'ಬರಗಾಲದ ಈ ನೆಲದಲ್ಲಿ ನಮ್ಮ ಸಂಸ್ಥೆಯು ನೆರೆಯ ರೈತರಿಗೆ ನೀರನ್ನು ಉಚಿತವಾಗಿ ದಾನ ಮಾಡುತ್ತಿದೆ.'

ಹೀಗೆಂದು ಒಂದು ಪುಸ್ತಿಕೆ ಹೇಳುತ್ತದೆ. ಶ್ರೀನಿವಾಸಪುರದ ಹೊರವಲಯದಲ್ಲಿ ಮಾವಿನ ತಿರುಳು ತೆಗೆಯುವ ಕಾರ್ಖಾನೆಯೊಂದು ಅಚ್ಚು ಹಾಕಿಸಿದ ಪುಸ್ತಿಕೆ. ಹೊಳೆಯುವ ಕಾಗದ. ಮೊದಲ ಪುಟದಲ್ಲಿ ಒಂದು ಹಸು. (ಹಸುವೂ ಹೊಳೆಯುತ್ತಿದೆ, ಫೋಟೊಕ್ಕೆ ಮುನ್ನ ಶಾಂಪೂ ಹಾಕಿ ಮೈ ತೊಳೆದಿದ್ದರಂತೆ.)

ಅಲ್ಲೇ ಎದುರಿನ ಟೀ ಅಂಗಡಿಯಲ್ಲಿ ಕುಳಿತರೆ ಇದಕ್ಕೆ ತದ್ವಿರುದ್ಧವಾದ ಕಥೆ ಸಿಗುತ್ತದೆ. 'ಫ್ಯಾಕ್ಟ್ರಿಯೋರು ಊರ್ ನೀರೆಲ್ಲಾ ಕುಡ್ದ್ಬಿಟ್ರು ಕಣಣ್ಣಾ!'

ಒಂದರಲ್ಲಿ ಉದ್ಯಮಿ ದಾನಶೂರ, ಇನ್ನೊಂದರಲ್ಲಿ ರಾಕ್ಷಸ. ಅಚ್ಚಾಗಿದೆ ಎಂಬ ಕಾರಣಕ್ಕೆ ನಾನು ಯಾವುದನ್ನೂ ನಂಬುವುದಿಲ್ಲ. ನಾಲ್ಕು ಜನ ಹೇಳಿದರು ಎಂಬ ಕಾರಣಕ್ಕೂ ನಂಬುವುದಿಲ್ಲ. ಈ ಚಾಳಿ ಬಿಡಲೆಂದು ಮನೆಯವರು ಹರಕೆ ಹೊತ್ತದ್ದೂ ಆಯಿತು. ಫಲಿಸಲಿಲ್ಲ.

ಕಾರ್ಖಾನೆಯ ಈಗಿನ ಯಜಮಾನ ಶ್ರೀನಾಥ ರೆಡ್ಡಿ ನನ್ನ ಗೆಳೆಯನ ಮಗ. ಕಟ್ಟಿದ್ದು ಗೆಳೆಯ, ಊರಿನವರ ಬಾಯಲ್ಲಿ ದೊಡ್ಡ ರೆಡ್ಡಿ. ಆತ ತೀರಿಕೊಂಡ ಮೇಲೆ ಮಗ ನಡೆಸುತ್ತಿದ್ದಾನೆ. ಒಳ್ಳೆಯ ಹುಡುಗ. ಕಳೆದ ವಾರ ಫೋನ್ ಮಾಡಿದ.

'ದೊಡ್ಡಪ್ಪಾ, ನಮ್ಮ ಹತ್ರ ತಿರುಳು ಕೊಳ್ಳೋ ಕಂಪನಿಯೋರು ನೋಡಕ್ಕೆ ಬರ್ತಾವ್ರೆ. ಗೇಟ್ ಮುಂದೆ ಲಾನ್ ಹಾಕಿಸ್ತಾ ಇದ್ದೀನಿ. ಒಂದ್ಸಲ ಬಂದು ನೋಡ್ಬಾರ್ದಾ?'

'ಲಾನಿಗೆ ನೀರು ಎಲ್ಲಿಂದಲೋ?'

'ಹಣ್ಣು ತೊಳೆದ ನೀರೈತಲ್ಲ. ಹಿಂದ್ಗಡೆ ಆ ಮುನಿಯಮ್ಮನ ಹೊಲಕ್ಕೆ ಸುಮ್ನೆ ಬಿಡ್ತಾ ಇದ್ವಿ. ಇನ್ನು ಈ ಕಡೆ ತಿರುಗಿಸ್ಕೊಂತೀವಿ.'

ಸುಮ್ಮನೆ? ದೊಡ್ಡ ರೆಡ್ಡಿ ಬದುಕಿನಲ್ಲಿ ಯಾರಿಗಾದರೂ ಏನನ್ನಾದರೂ ಸುಮ್ಮನೆ ಕೊಟ್ಟವನೇ? ಒಂದು ಬೀಡಿ ಕೊಟ್ಟರೂ ಬೆಂಕಿಪೊಟ್ಟಣ ಕೇಳುತ್ತಿದ್ದ ಆಸಾಮಿ. ಚಪ್ಪಲಿ ಮೆಟ್ಟಿ ಹೊರಟೆ.

ಮೊದಲು ಹೋದದ್ದು ಮುನಿಯಮ್ಮನ ಹತ್ತಿರ. ಕಾರ್ಖಾನೆಯ ಹಿಂಬದಿಯ ತಗ್ಗಿನಲ್ಲಿ ಆಕೆಯ ಹೊಲ. ನಾಲ್ಕು ಸೀಮೆಹಸು, ಬೆಳಿಗ್ಗೆ, ಸಂಜೆ ಡೇರಿಗೆ ಹಾಲು. ಸುತ್ತಲಿನ ಬಯಲೆಲ್ಲ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿದ್ದರೂ ಆಕೆಯ ತುಂಡು ನೆಲದಲ್ಲಿ ಆಳೆತ್ತರದ ಸೀಮೆಹುಲ್ಲು. ಮಾವು ಮುಗಿದರೆ ಕಾರ್ಖಾನೆಯಲ್ಲಿ ಟೊಮೆಟೊ. ಹಾಗಾಗಿ ಹುಲ್ಲಿಗೆ ನೀರು ತಪ್ಪುವುದಿಲ್ಲ. ತಪ್ಪಿದರೆ? ಹುಲ್ಲು ಒಣಗುತ್ತದೆ, ಹಸುಗಳನ್ನು ಸಂತೆಗೆ ಹೊಡೆಯಬೇಕಾಗುತ್ತದೆ.

ಆಕೆ ಬಂಡೆಯ ಮೇಲೆ ಮಾವಿನ ಓಟೆ, ಅಂದರೆ ಗೊರಟೆ, ಹರವುತ್ತಿದ್ದಳು. ನಮ್ಮ ಸೀಮೆಯ ಬಂಡೆಗಳು ನಿಮಗೆ ಗೊತ್ತಲ್ಲ? ರಾಗಿ ಒಣಗುವುದು ಅಲ್ಲೇ, ಹುಣಸೆಹಣ್ಣು ಒಣಗುವುದು ಅಲ್ಲೇ. ಈಗ ತಿರುಳು ಬಿಡಿಸಿದ ಓಟೆಯೂ ಅಲ್ಲೇ ಒಣಗುತ್ತದೆ. ಚೆನ್ನಾಗಿ ಒಣಗಿದ ಓಟೆ ಕಾರ್ಖಾನೆಯ ಬಾಯ್ಲರಿಗೆ ಉರುವಲು.

ಪುಸ್ತಿಕೆಯ ಸಾಲನ್ನು ಆಕೆಗೆ ಓದಿ ಹೇಳಿದೆ.

ಸೊಂಟಕ್ಕೆ ಕೈ ಕೊಟ್ಟು ನಕ್ಕಳು ನೋಡಿ, ಹಸುಗಳೂ ತಿರುಗಿ ನೋಡಿದವು! 'ದಾನಾನಾ? ಹಂಗಂದೋರ್ ಬಾಯಿಗ್ ಮಣ್ಣಾಕ! ನಾನೂ ದೊಡ್ಡ ರೆಡ್ಡೀನೂ ಒಂದ್ ಬೇಸ್ಗೆ ಪೂರ್ತಿ ಕಿತ್ತಾಡಿದೀವಿ ಕಣಣ್ಣಾ. ಚೌಕಾಸಿ ಅದು, ಚೌಕಾಸಿ!'

ನಡೆದದ್ದು ಇಷ್ಟು. ಹಣ್ಣು ತೊಳೆದ ನೀರು ಹೊರಹೋಗಲು ಆಕೆಯ ಹೊಲದ ಹೊರತು ಬೇರೆ ದಾರಿಯಿರಲಿಲ್ಲ. ದಾರಿ ಬಿಡು ಎಂದ ರೆಡ್ಡಿ. 'ನನ್ನ ಹೊಲದಾಗೆ ಹೋಗೋ ನೀರು ನನ್ನ ಹುಲ್ಲಿಗ್ ಕುಡಿಸ್ಕೊಂಡೇ ಹೋಗ್ಬೇಕು' ಎಂದಳು ಈಕೆ. ಹಾಗಾದರೆ ಓಟೆ ಒಣಗಿಸಲು ನಿನ್ನ ಬಂಡೆ ಕೊಡು ಎಂದ ಆತ. ಬಂಡೆ ಬೇಕಿದ್ದರೆ ಹಣ್ಣಿನ ಸಿಪ್ಪೆಯೆಲ್ಲ ನನ್ನ ಹಸುಗಳಿಗೆ ಎಂದಳು ಈಕೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಮನೆಗೆ ಹೋದರು. ಇಬ್ಬರೂ ಗೆದ್ದಿದ್ದರು.

(ಮೊದಲ ವರ್ಷ ಒಂದು ಎಡವಟ್ಟಾಯಿತು. ಓಟೆಯನ್ನು ಬಂಡೆಗೆ ಸಾಗಿಸುವ ಮುನ್ನ ಹೊಲದಲ್ಲೇ ರಾಶಿ ಹಾಕಿದ್ದಳು. ಮಳೆ ಬಂತು. ಹುಲ್ಲಿನ ಜಾಗದಲ್ಲಿ ಮಾವಿನ ಸಸಿಗಳ ದಂಡು! 'ಕಿತ್ತಾಕ್ಬೇಕಿತ್ತು. ಆದ್ರೆ ಮಾವಿನ ಸಸಿ ಕೀಳಕ್ಕೆ ನಮ್ಮೋರ್ಗೆ ಯಾರ್ಗಾದ್ರೂ ಕೈ ಬರ್ತೈತಾ?' ಮನೆಗೆ ಬಂದವರಿಗೆಲ್ಲ ಎರಡೆರಡು ಸಸಿ ಹೊರಿಸಿ ಕಳಿಸಿದಳು. ಆ ವರ್ಷ ನೆಂಟರು ಬರುವುದೇ ಕಡಿಮೆಯಾಯಿತಂತೆ.)

ಲಾನಿನ ವಿಷಯ ಹೇಳಿದೆ. ನಗು ನಿಂತಿತು. ಸೆರಗಿಗೆ ಕೈ ಒರೆಸಿಕೊಂಡು, 'ನಡಿ ಅಣ್ಣಾ' ಎಂದಳು.

ಗೇಟಿನ ಬಳಿ ಶ್ರೀನಾಥನ ಜೊತೆ ಬೆಂಗಳೂರಿನಿಂದ ಬಂದ ಸಲಹೆಗಾರನೊಬ್ಬ ನಿಂತಿದ್ದ. ಪುಸ್ತಿಕೆ ಬರೆದ ಪುಣ್ಯಾತ್ಮ ಅವನೇ. ಲಾನಿಗೆಂದು ಕಾಲುವೆ ಆಗಲೇ ತೋಡಿದ್ದರು.

'ಏನ್ ನಾಯನಾ, ನನ್ನ ಹುಲ್ಲಿನ ನೀರು ಕಿತ್ಕೊಂತೀಯಂತೆ?' ಎಂದಳು ಮುನಿಯಮ್ಮ.

'ಕಿತ್ಕೊಳ್ಳೋದಲ್ಲ ಅಕ್ಕಾ. ಇಷ್ಟ್ ವರ್ಷ ಕೊಟ್ವಿ...'

'ಕೊಟ್ರಾ? ದಾರಿ, ಬಂಡೆ ಕೊಟ್ಟು ನಿಮ್ಮಪ್ಪನ ಹತ್ರ ಮಾತು ತಗೊಂಡಿದೀನಿ. ಅವ್ರು ಇದ್ದಿದ್ರೆ ಈ ಮಾತಿಗೆ ನಿನ್ನ ಕಿವಿ ಹಿಂಡೋರು.'

ಸಲಹೆಗಾರ ನಡುವೆ ಬಂದ. 'ಅಮ್ಮಾ, ಬರೋರ ಕಣ್ಣಿಗೆ ಗ್ರೀನ್ ಆಗಿ ಕಾಣಿಸ್ಬೇಕು.'

'ಹಸ್ರು ಬೇಕಾ? ನನ್ನ ಹುಲ್ಲಿಗಿಂತ ಹಸ್ರು ಎಲ್ಲಿಂದ ತರ್ತೀಯಪ್ಪಾ? ನಿನ್ನ ಲಾನ್ ಮೇದು ಯಾವ ಹಸು ಹಾಲ್ ಕೊಡ್ತೈತೆ?'

ಇಲ್ಲಿ ಒಂದು ಪದದ ಮೇಲೆ ನಾಲ್ಕು ಹಸುಗಳ ಬದುಕು ನಿಂತಿದೆಯಲ್ಲ ಎನಿಸಿತು ನನಗೆ. ದಾನವಾದರೆ ಕೊಟ್ಟವನ ಮನಸ್ಸು ಬದಲಾದ ದಿನ ನಿಲ್ಲುತ್ತದೆ, ಕೇಳುವಂತಿಲ್ಲ. ಚೌಕಾಸಿಯಾದರೆ ಇಬ್ಬರಿಗೂ ಹಕ್ಕು. ನೀರು, ಮೇವು, ಉರುವಲು ಎಲ್ಲದಕ್ಕೂ ತತ್ವಾರವಿರುವ ನಮ್ಮಂಥ ಕಡೆ ಉದ್ಯಮಿಯಿಂದ ನಾವು ಕೇಳಬೇಕಾದದ್ದು ಉದಾರ ಮನಸ್ಸನ್ನೇ? ನೆರೆಯವರೊಡನೆ ಕೂತು ಜಗಳವಾಡುವಷ್ಟು ತಾಳ್ಮೆಯಿದ್ದರೆ ಸಾಕಲ್ಲವೇ?

ಶ್ರೀನಾಥ ಪೆಚ್ಚಾಗಿದ್ದ. 'ಅಪ್ಪ ಹಿಂಗೆಲ್ಲ ಮಾತ್ ಕೊಟ್ಟಿದ್ರು ಅಂತ ನನಗೆ ಯಾರೂ ಹೇಳಿಲ್ಲ ಅಕ್ಕಾ. ಹೆಂಗ್ ನಂಬ್ಲಿ?'

'ನಂಬ್ಬೇಡ. ಬಂದು ನೋಡು.'

ಕಾಂಪೌಂಡ್ ಬಳಸಿ ಹಿಂಬದಿಗೆ ನಡೆದೆವು. ನೀರು ತರುವ ಪೈಪು ಗೋಡೆ ದಾಟಿ ಆಕೆಯ ಹೊಲಕ್ಕೆ ಇಳಿಯುತ್ತದೆ. ಕಾರ್ಖಾನೆಯ ಒಳಗೆ ಅದಕ್ಕೆ ನಲ್ಲಿಯಿಲ್ಲ, ಏನೂ ಇಲ್ಲ. ತೆರೆದು ಮುಚ್ಚುವ ವಾಲ್ವ್ ಇರುವುದು ಗೋಡೆಯಿಂದಾಚೆ, ಮುನಿಯಮ್ಮನ ಬೇವಿನ ಮರದ ಕೆಳಗೆ, ದೊಡ್ಡ ರೆಡ್ಡಿಯೇ ಕಟ್ಟಿಸಿಕೊಟ್ಟ ಕಲ್ಲಿನ ಗೂಡಿನಲ್ಲಿ. ಹುಲ್ಲಿಗೆ ಎಷ್ಟು ಬೇಕೋ ಅಷ್ಟು ಆಕೆ ತಿರುವುತ್ತಾಳೆ, ಉಳಿದದ್ದು ಹೊಲದಂಚಿನಲ್ಲಿ ಹರಿದು ಹೋಗುತ್ತದೆ.

ಶ್ರೀನಾಥ ಬಗ್ಗಿ ನೋಡಿದ. ಗೋಡೆ ನೋಡಿದ. ಆಮೇಲೆ ತಲೆ ಕೆರೆದುಕೊಂಡು ಜೋರಾಗಿ ನಕ್ಕ. 'ನಮ್ಮಪ್ಪಾ! ಇದರಲ್ಲೂ ಸೋತಿದ್ರಾ ನಿಮ್ಮ ಕೈಲಿ!'

'ಸೋತಿಲ್ಲ ನಾಯನಾ. ಬಂಡೆ ಗೆದ್ಕೊಂಡ್ರಲ್ಲ.'

ಲಾನು ರದ್ದಾಯಿತು. ಗೇಟಿನ ಮುಂದೆ ಸೀಮೆಹುಲ್ಲೇ ಬರಲಿದೆ, ಮುನಿಯಮ್ಮನ ಹುಲ್ಲಿಗೆ ಸಾಲಿ ಉಳಿದ ನೀರಿನಲ್ಲಿ. ನಾಟಿಗೆ ಹುಲ್ಲಿನ ಕಾಂಡದ ತುಂಡು ಆಕೆಯದು, ಬೆಳೆದ ಮೇಲೆ ಕೊಯ್ಯುವ ಹಕ್ಕೂ ಆಕೆಯದೇ. ಹೊಸ ಚೌಕಾಸಿಯಿದು, ಅಲ್ಲೇ ನಿಂತು ಮುಗಿಸಿದರು. ಪುಸ್ತಿಕೆ ತಿದ್ದುತ್ತೇವೆ ಎಂದಿದ್ದಾರೆ. ತಿದ್ದದಿದ್ದರೂ ಚಿಂತೆಯಿಲ್ಲ. ಶ್ರೀನಿವಾಸಪುರಕ್ಕೆ ಬಂದವರು ಯಾರು ಬೇಕಾದರೂ ಆ ಗೋಡೆಯ ಹಿಂದೆ ಹೋಗಿ ನೋಡಿ, ವಾಲ್ವ್ ಅಲ್ಲೇ ಇದೆ.

ದಾನ ಮಾಡುವವನು ನಲ್ಲಿಯನ್ನು ಪಡೆಯುವವರ ಕೈಗೆ ಕೊಟ್ಟದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?