ಅರಳಿಕಟ್ಟೆಗೆಂದು ಹೋಗಿ ಕೆರೆ ಸುತ್ತಿದ್ದು

ಅರಳಿಮರ ಸುತ್ತಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ನಾನು ಮೂರು ತಿಂಗಳು ಕೆರೆಯ ದಂಡೆಯ ಮೇಲೆ ಓಡಿದೆ. ಓಡಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಆದರೆ ಆ ಸುಳ್ಳನ್ನು ನಂಬಿ ನನ್ನ ವಾರಗಿತ್ತಿ ದೀಪಾ ಅಳುತ್ತಿದ್ದಾಗ, ಪಕ್ಕದಲ್ಲೇ ಕೂತು ಬಾಯಿ ಬಿಡಲಿಲ್ಲವಲ್ಲ — ಅದನ್ನು ಬರೆಯಬೇಕಾಗಿದೆ.

ಯಲಹಂಕದ ಹಳೆಯ ಊರಿನ ಮನೆ ನಮ್ಮದು. ನಾನು ಹಿರಿಯ ಸೊಸೆ. ಹತ್ತು ವರ್ಷದ ಹಿಂದೆ ಬಸುರಿಯೆಂದು ಗೊತ್ತಾದಾಗ ಅತ್ತೆ, ಈ ಮನೆಯ ಹೆಂಗಸರೆಲ್ಲ ಮಾಡಿಕೊಂಡು ಬಂದಂತೆ, ಒಂದು ಮಂಡಲ — ನಲವತ್ತೆಂಟು ದಿನ — ಬೆಳಿಗ್ಗೆ ಅರಳಿಕಟ್ಟೆಗೆ ಪ್ರದಕ್ಷಿಣೆ ಹಾಕಬೇಕೆಂದರು. ನಾನೋ, ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಿಂದ ಓಟದ ರುಚಿ ಹತ್ತಿಸಿಕೊಂಡವಳು. ಡಾಕ್ಟರ್ ಕೂಡ, "ಅಭ್ಯಾಸ ಇದೆಯಲ್ಲ, ಮಾತಾಡ್ಕೊಂಡು ಓಡೋ ಅಷ್ಟು ನಿಧಾನಕ್ಕೆ ಓಡಿ. ಸುಸ್ತು ಅನ್ಸಿದ್ರೆ ನಿಲ್ಸಿ" ಎಂದಿದ್ದರು. ಅದನ್ನು ಅತ್ತೆಗೆ ಹೇಳಬಹುದಿತ್ತು. ಹೇಳಲಿಲ್ಲ. ಮೂರು ದಿನ ನಿಜವಾಗಿಯೂ ಮರ ಸುತ್ತಿದೆ. ನಾಲ್ಕನೆಯ ದಿನ ಸ್ಕೂಟರ್ ಕೆರೆಯ ಕಡೆ ತಿರುಗಿತು — ತಿರುಗಿತು ಅಂದರೆ ಮತ್ತೊಂದು ಸುಳ್ಳಾಗುತ್ತದೆ. ನಾನೇ ತಿರುಗಿಸಿದೆ.

ಸ್ಕೂಟರಿನ ಸೀಟಿನಡಿ ಶೂ ಇಟ್ಟಿರುತ್ತಿದ್ದೆ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹೊರಟರೆ, ಮಂಜಿನಲ್ಲಿ ಹೆಜ್ಜಾರ್ಲೆಗಳು ಕೊಕ್ಕನ್ನು ಎದೆಗೊತ್ತಿಕೊಂಡು ತೇಲುತ್ತಿದ್ದವು. ಮಂಕಿ ಕ್ಯಾಪಿನ ತಾತಂದಿರು ಅಕ್ಕಪಕ್ಕ ಸರಿದು ದಾರಿ ಬಿಡುತ್ತಿದ್ದರು, ಅವರಲ್ಲೊಬ್ಬರು ದಿನವೂ "ನಿಧಾನ ಕಣಮ್ಮ, ಇಬ್ರಿದೀರ!" ಎಂದು ನಗಿಸುತ್ತಿದ್ದರು. ಹೊಟ್ಟೆಯೊಳಗೆ ಮೊದಲ ಸಲ ಮೀನು ಬಾಲ ಬಡಿದಂತಾಗಿದ್ದು ಅಲ್ಲೇ, ಓಟ ನಿಲ್ಲಿಸಿ ಕಲ್ಲುಬೆಂಚಿನ ಮೇಲೆ ಕೂತ ಗಳಿಗೆಯಲ್ಲಿ. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ. ವಾಪಸು ಬರುವಾಗ ಕಟ್ಟೆಯ ಬಳಿ ಇಳಿದು, ನಾಗರಕಲ್ಲಿನ ಕುಂಕುಮ ಹಣೆಗೆ ಒತ್ತಿಕೊಂಡು ಮನೆ ಸೇರುತ್ತಿದ್ದೆ. ಮಂಡಲ ಮುಗಿದಾಗ, "ಇನ್ನೊಂದು ಮಂಡಲ ಮಾಡ್ತೀನಿ ಅತ್ತೆ" ಎಂದೆ. ಅವರ ಕಣ್ಣು ತುಂಬಿ ಬಂತು.

ಹೆರಿಗೆ ಸಲೀಸಾಯಿತು. ಯಾಕೆಂದು ನನಗೆ ಗೊತ್ತಿಲ್ಲ, ಡಾಕ್ಟರೂ ಹೇಳಲಿಲ್ಲ. ಅತ್ತೆಗೆ ಮಾತ್ರ ಗೊತ್ತಿತ್ತು — ಎರಡು ಮಂಡಲದ ಪ್ರದಕ್ಷಿಣೆ!

ನಾಲ್ಕು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ದೀಪಾ ಬಂದಳು. ಮತ್ತಿಕೆರೆಯ ಹುಡುಗಿ, ಗೇರ್ ಸೈಕಲ್ಲಿನಲ್ಲೇ ಜಾಲಹಳ್ಳಿಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದವಳು. ಬಸುರಿಯಾದ ಮೇಲೆ ರಸ್ತೆ ಬಿಟ್ಟಳು. ಡಾಕ್ಟರನ್ನು ಕೇಳಿಕೊಂಡು, ಹಿಂದಿನ ಚಕ್ರ ಇದ್ದಲ್ಲೇ ತಿರುಗುವ ಹಾಗೆ ಸೈಕಲ್ಲನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ನಡುಮನೆಯಲ್ಲೇ ತುಳಿಯತೊಡಗಿದಳು.

"ಎಲ್ಲಿಗೂ ಓಗ್ದೆ ಇರೋ ಸೈಕಲ್ನ ಯಾಕವ್ವ ತುಳೀತೀಯ?" ಎಂದರು ಅತ್ತೆ.

"ಟ್ರಾಫಿಕ್ಕೇ ಇಲ್ವಲ್ಲ ಅತ್ತೆ!"

ಅತ್ತೆ ನಗಲಿಲ್ಲ. ಮಗುವಿಗೆ ಆಯಾಸವಾಗುತ್ತದೆ, ಹಿರಿಯವಳನ್ನು ನೋಡಿ ಕಲಿ ಎಂದರು. ದೀಪಾ ಪೆಡಲ್ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಕ್ಕಾ, ನೀವೂ ಓಡ್ತಿದ್ರಂತಲ್ಲ. ಬಸುರಿ ಅಂತ ಪೂರ್ತಿ ಬಿಟ್ಬಿಟ್ರಾ?"

ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ದಿಂಬಿನ ಕವರೊಂದರ ಮೂಲೆಗೆ ಮೂಲೆ ಸೇರಿಸುತ್ತ ಹೇಳಿದೆ — "ಬಿಟ್ಬಿಟ್ಟೆ ಕಣೆ. ಪ್ರದಕ್ಷಿಣೆ ಒಂದೇ ಮಾಡಿದ್ದು."

ಅಷ್ಟೇ ಮಾತು. ಮಾರನೆಯ ದಿನ ಸೈಕಲ್ ಮಹಡಿಯ ಮೇಲೆ ಟಾರ್ಪಾಲಿನಡಿ ಸೇರಿತು. ದೀಪಾ ತಪ್ಪದೆ ಕಟ್ಟೆಗೆ ಹೋದಳು, ತಪ್ಪದೆ ಮಲಗಿದಳು; ಮಾತು ಕಡಿಮೆಯಾಯಿತು, ಸಂಜೆಗಳಲ್ಲಿ ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತಿದ್ದಳು. ಕೊನೆಗೆ ಮಗು ಅಡ್ಡಲಾಗಿದೆಯೆಂದು ಸಿಸೇರಿಯನ್ ಮಾಡಿದರು. ಅದಕ್ಕೂ ಸೈಕಲ್ಲಿಗೂ ಸಂಬಂಧವಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಅತ್ತೆ ಅವಳ ಕಿವಿಗೆ ಹತ್ತಿ ಇಡುತ್ತ, ಕೆಟ್ಟ ಮನಸ್ಸಿನಿಂದೇನಲ್ಲ, "ಮೊದ್ಲು ಮೂರ್ ತಿಂಗ್ಳು ಆ ಚಕ್ರ ತುಳಿದ್ಯಲ್ಲ, ಅದ್ಕೇ ಇಂಗಾಯ್ತು ಕಣವ್ವ" ಎಂದುಬಿಟ್ಟರು.

ಅತ್ತೆ ಕಾಫಿ ತರಲು ಹೋದಾಗ ದೀಪಾ ನನ್ನ ಕೈ ಹಿಡಿದುಕೊಂಡಳು. "ನಂದೇ ತಪ್ಪಲ್ವಾ ಅಕ್ಕಾ? ನಿಮ್ ಥರ ಇರ್ಬೇಕಿತ್ತು ನಾನು."

ಆಗಲಾದರೂ — ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಅವಳ ಹೊದಿಕೆಯ ಸುಕ್ಕು ಸರಿಮಾಡಿದೆ.

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಹಿತಕಿದ ಬೇಳೆ ಸಾರಿಗೆಂದು ಮೂವರೂ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದೆವು. ದೀಪಾ ಮತ್ತೆ ಬಸುರಿ. "ಈ ಸಲ ಮೊದಲಿಂದಾನೇ ಅಕ್ಕನ ಥರ ಇರ್ತೀನಿ. ಸೈಕಲ್ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದಳು. ನಗುತ್ತಲೇ ಹೇಳಿದಳು. ನನ್ನ ಬೆರಳಲ್ಲಿದ್ದ ಕಾಳು ಸಿಪ್ಪೆಯಿಂದ ಚಿಮ್ಮಿ ಎಲ್ಲೋ ಹೋಯಿತು. ನಾನು ಹೇಳಿದೆ. ಕೆರೆ, ಶೂ, ಎರಡು ಮಂಡಲ — ಎಲ್ಲ.

ಅತ್ತೆಯೇ ಮೊದಲು ಬಾಯಿ ತೆರೆದದ್ದು. "ಅಂಗಾದ್ರೆ ದಿನಾ ಅಣೇಲಿ ಇರ್ತಿದ್ದ ಕುಂಕುಮ?"

"ಕಟ್ಟೇದೇ ಅತ್ತೆ. ಬರೋವಾಗ ಇಟ್ಕೊಂಡ್ ಬರ್ತಿದ್ದೆ."

"ಅಯ್ಯೋ ನಿನ್ ಮಕ್ಕೆ! ಈ ಬೀದೀಲಿ ಬಸುರಿ ಕಂಡ್ರೆ ಸಾಕು, ನಿನ್ ಕತೆ ಏಳಿ ಮರ ಸುತ್ತಿಸಿದೀನಲ್ಲೇ!" ಬೈಗುಳ ಅರ್ಧದಲ್ಲೇ ನಗುವಾಯಿತು. ನನಗೂ ನಗು ಬಂತು. ದೀಪಾ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಆಸ್ಪತ್ರೇಲಿ ನಾನ್ ಅತ್ನಲ್ಲ... ಆವಾಗ ಹೇಳ್ಬೋದಿತ್ತಲ್ವಾ?"

ಸುಳ್ಳು ಶುರುವಾದಾಗ ಹೊಸ ಸೊಸೆಯಾಗಿದ್ದೆ, ಹೆದರಿದ್ದೆ, ಮನೆಯ ಮರ್ಯಾದೆ — ಎಷ್ಟೊಂದು ನೆಪಗಳು ನಾಲಿಗೆಯ ತುದಿಗೆ ಬಂದವು. "ಹೇಳ್ಬೋದಿತ್ತು" ಎಂದಷ್ಟೇ ಹೇಳಿದೆ.

"ಐದು ವರ್ಷ ಅಕ್ಕಾ" ಎಂದಳು. ಎದ್ದು ಒಳಗೆ ಹೋದಳು.

ಈಗ ಡಾಕ್ಟರ್ ಒಪ್ಪಿದ್ದಾರೆ. ಬೆಳಿಗ್ಗೆ ನಡುಮನೆಯಲ್ಲಿ ಚಕ್ರದ ಸದ್ದು ಕೇಳುತ್ತದೆ. ಅತ್ತೆ ಎದುರಿಗೇ ಕೂತು, "ಎಲ್ಲಿಗ್ ಬಂದೆ?" ಎನ್ನುತ್ತಾರೆ, ದೀಪಾ, "ಹೆಬ್ಬಾಳ ದಾಟ್ದೆ ಅತ್ತೆ" ಎನ್ನುತ್ತಾಳೆ. ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುವಾಗ ಈ ಮನೆಯಲ್ಲಿ ನನಗೇನೂ ಕೊರತೆಯಿಲ್ಲ ಅನಿಸುತ್ತದೆ.

ಒಂದು ಮಾತ್ರ. ಮೊದಲಾದರೆ ಕಾಲು ಊದಿದರೂ, ಹುಳಿ ತಿನ್ನಬೇಕೆನಿಸಿದರೂ ನನ್ನ ಹತ್ತಿರ ಓಡಿ ಬಂದು ಕೇಳುತ್ತಿದ್ದಳು. ಈಗ ಡಾಕ್ಟರನ್ನೇ ಕೇಳುತ್ತಾಳೆ. ನನ್ನ ಮುಂದೆ ಕಾಫಿ ಇಡುತ್ತಾಳೆ, ನಗುತ್ತಾಳೆ — ಏನನ್ನೂ ಕೇಳುವುದಿಲ್ಲ. ಹಾಗಿರಲು ಅವಳಿಗೆ ಹಕ್ಕಿದೆ. ನಾನು ಕಾಯುತ್ತೇನೆ ಅಂತಲೂ ಅವಳಿಗೆ ಹೇಳಿಲ್ಲ, ಸುಮ್ಮನೆ ಕಾಯುತ್ತಿದ್ದೇನೆ.