ಹದಿನೈದನೆಯ ವಿದ್ಯಾರ್ಥಿ

ನಾನು ಮಲ್ಲೇಶ್ವರದ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಿನ್ಸಿಪಾಲರು ಕರೆದು, "ಈ ವರ್ಷ ಪ್ಲೇಸ್‌ಮೆಂಟ್ ನೀವೇ ನೋಡ್ಕೊಳಿ" ಅಂದರು. ನಾನೇ ಯಾಕೆ ಅಂತ ಕೇಳುವ ಅಗತ್ಯ ಇರಲಿಲ್ಲ. ನಮ್ಮ ವಿಭಾಗದಲ್ಲಿ ಮಕ್ಕಳು ಕಮ್ಮಿ, ಕ್ಲಾಸು ಕಮ್ಮಿ. ಸ್ಟಾಫ್ ರೂಮಿನಲ್ಲಿ ಯಾವಾಗ ನೋಡಿದರೂ ಕಣ್ಣಿಗೆ ಬೀಳುತ್ತಿದ್ದವನು ನಾನೇ.

ಕಂಪನಿಯವರು ಬಂದರೆ ಗೇಟಿನಿಂದ ಕರೆತರುವುದು, ಕಾಫಿ ತರಿಸುವುದು, ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುವುದು, ಇಷ್ಟೇ ಕೆಲಸ. ಕಾಮರ್ಸಿನವರು ಒಳಗೆ ಹೋದರೆ ಹೊರಗೆ ಬರಲು ಹೊತ್ತಾಗುತ್ತಿತ್ತು. ನಮ್ಮ ಬಾಟನಿಯವರು ಕುರ್ಚಿ ಬಿಸಿಯಾಗುವ ಮೊದಲೇ ಎದ್ದು ಬರುತ್ತಿದ್ದರು. ಒಂದು ದಿನ ನಾನೂ ಒಳಗೆ ಕೂತಿದ್ದಾಗ ಕೊನೇ ವರ್ಷದ ಹುಡುಗಿಯೊಬ್ಬಳ ಸರದಿ ಬಂತು. ಮತ್ತಿಕೆರೆಯವಳು, ಅಪ್ಪನದು ತರಕಾರಿ ಅಂಗಡಿ, ಕ್ಲಾಸಿನಲ್ಲಿ ಬಲು ಚುರುಕು. ಸಂದರ್ಶನಕ್ಕೆ ಬಂದಿದ್ದವರು ಅವಳ ಅಂಕಪಟ್ಟಿ ನೋಡಿ, "ಮಾರ್ಕ್ಸ್ ಚೆನ್ನಾಗಿದೆಯಮ್ಮ. ಏನು ಕೆಲಸ ಮಾಡೋಕೆ ಬರುತ್ತೆ?" ಅಂತ ಮೃದುವಾಗಿಯೇ ಕೇಳಿದರು. ಅವಳು ನನ್ನ ಮುಖ ನೋಡಿದಳು. ಮೂರು ವರ್ಷ ಪಾಠ ಹೇಳಿದ ನಾನು ಮೇಜಿನ ಮೇಲಿದ್ದ ಅಂಕಪಟ್ಟಿಯ ಕಡೆ ತಿರುಗಿದೆ. ಅವತ್ತು ಹನುಮಂತನಗರದ ಮನೆ ಸೇರುವವರೆಗೂ ಬಸ್ಸಿನಲ್ಲಿ ಅದೇ ನೋಟ ಕಾಡಿತು.

ಅಲ್ಲಿಂದ ಮುಂದೆ ಸಿಕ್ಕವರನ್ನೆಲ್ಲ ಕೇಳತೊಡಗಿದೆ. ಗಿಡ, ಮಣ್ಣು, ನೀರು ಓದಿದ ಮಕ್ಕಳಿಗೆ ಈ ಊರಲ್ಲಿ ಕೆಲಸ ಕೊಡುವವರು ಯಾರು? ಕೇಳುತ್ತಾ ಕೇಳುತ್ತಾ ಒಬ್ಬ ಮೇಡಂ ಸಿಕ್ಕರು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕಸ ಬೇರ್ಪಡಿಸುವುದು, ಗೊಬ್ಬರ ಮಾಡಿಸುವುದು, ಮಳೆನೀರು ಇಂಗಿಸುವುದು ಅವರ ಕಸುಬು. ಕಾಟನ್ ಸೀರೆ, ಕ್ಯಾನ್ವಾಸ್ ಶೂ, ದೊಡ್ಡ ಗಂಟಲು.

"ಕೆಲಸ ಬೇಕಾದಷ್ಟಿದೆ ಸರ್, ಮಾಡೋರೇ ಸಿಗ್ತಿಲ್ಲ. ಡಿಗ್ರಿ ಇರುತ್ತೆ, ಡ್ರಮ್ಮಿನ ಮುಚ್ಚಳ ತೆಗೆದ್ರೆ ಮೂಗು ಮುಚ್ಕೊಂಡು ಓಡ್ತಾರೆ," ಅಂದರು. ನಾಲ್ಕು ತಿಂಗಳು ಪ್ರತಿ ಶನಿವಾರ ಬಂದು ಕಲಿಸಿ, ಕೊನೆಗೆ ಪರೀಕ್ಷೆ ಇಟ್ಟು ಸರ್ಟಿಫಿಕೇಟು ಕೊಡಲು ಒಪ್ಪಿದರು. ಒಂದೇ ಷರತ್ತು, ಹದಿನೈದು ಜನ ಇರಬೇಕು.

ನಾನು ಎಷ್ಟು ಗೋಗರೆದರೂ ಹದಿನಾಲ್ಕೇ ಜನ ಹೆಸರು ಕೊಟ್ಟರು. ಮೇಡಂ ಪಟ್ಟಿ ನೋಡಿ, "ಇನ್ನೊಬ್ಬರು?" ಅಂದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಾನು." ಮಕ್ಕಳು ನಕ್ಕರು. ಮೇಡಂ ನಗಲಿಲ್ಲ, ಪಟ್ಟಿಯ ಕೊನೆಗೆ ನನ್ನ ಹೆಸರು ಬರೆದುಕೊಂಡರು.

ಮೊದಲ ಶನಿವಾರ ಎಲ್ಲರೂ ನನಗೆ ಮುಂದಿನ ಬೆಂಚು ಬಿಟ್ಟುಕೊಟ್ಟರು. ಮೂರನೇ ವಾರಕ್ಕೆ ಆ ಮರ್ಯಾದೆ ಮುಗಿದಿತ್ತು. ಎಲೆ ಕೊಳೆತು ಮಣ್ಣಾಗುವುದರ ಬಗ್ಗೆ ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಚಿತ್ರ ಬರೆದವನು. ಆದರೆ ಅರ್ಧ ಆದ ಗೊಬ್ಬರವನ್ನು ಕೈಯಲ್ಲಿ ಹಿಡಿದು, ಹಸಿ ಜಾಸ್ತಿಯೋ ಕಮ್ಮಿಯೋ ಹೇಳಿ ಅಂದಾಗ ತಪ್ಪು ಹೇಳಿದೆ. "ಮುಷ್ಟಿ ಕಟ್ಟಿ ಹಿಂಡಿ ಸರ್. ತಂಬಿಟ್ಟಿನ ಉಂಡೆ ಥರ ನಿಲ್ಬೇಕು, ನೀರು ಇಳೀಬಾರದು," ಅಂದರು ಮೇಡಂ. ಹಿಂಡಿದೆ. ಕಂದು ನೀರು ಮೊಣಕೈವರೆಗೂ ಇಳಿದು ಶರ್ಟಿನ ತೋಳು ನೆನೆಯಿತು. ತರಕಾರಿ ಅಂಗಡಿಯ ಹುಡುಗಿ ಪಕ್ಕದಲ್ಲೇ ಇದ್ದಳು. ಗೊಬ್ಬರ ಮುಟ್ಟಿಯೂ ನೋಡದೆ, "ಜಾಸ್ತಿ ಇದೆ ಸರ್, ವಾಸನೇಲೇ ಗೊತ್ತಾಗುತ್ತೆ. ನಮ್ಮಂಗಡೀಲಿ ಟೊಮೇಟೊ ಕೊಳೆಯೋವಾಗ ಹೀಗೇ ಬರುತ್ತೆ," ಅಂದಳು.

ಮೂರನೇ ತಿಂಗಳಲ್ಲಿ ಮೇಡಂ ನಮ್ಮನ್ನು ಚಾಮರಾಜಪೇಟೆಯ ಒಂದು ಮದುವೆ ಛತ್ರಕ್ಕೆ ಕರೆದುಕೊಂಡು ಹೋದರು. ಅವತ್ತು ಅಲ್ಲಿ ಮುಹೂರ್ತ ಇತ್ತು. ಊಟದ ಪ್ರತಿ ಪಂಕ್ತಿ ಎದ್ದ ಮೇಲೆ ಎಲೆಗಳನ್ನು ಹಿತ್ತಲಿಗೆ ತಂದು, ಮಿಕ್ಕಿದ ಅನ್ನ, ಪಲ್ಯ, ಸಿಹಿ ಬೇರೆ ಬೇರೆ ಮಾಡಿ ತೂಕ ಹಾಕಿ ಬರೆಯಬೇಕು. ಕೈಗೆ ರಬ್ಬರ್ ಗ್ಲೌಸು, ತಲೆಗೆ ಟೋಪಿ, ಸೊಂಟಕ್ಕೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು ಕೂತೆವು.

ಎರಡನೇ ಪಂಕ್ತಿ ಮುಗಿದು ಕೈ ತೊಳೆಯಲು ಹಿತ್ತಲಿಗೆ ಬಂದವರಲ್ಲಿ ನನ್ನ ಹೆಂಡತಿಯ ಸೋದರಮಾವನೂ ಒಬ್ಬರು. ಗಂಡಿನ ಕಡೆಯಿಂದ ಬಂದಿದ್ದರಂತೆ. ಎಂಜಲೆಲೆಗಳ ಮಧ್ಯೆ ನನ್ನನ್ನು ಕಂಡು ನಿಂತುಬಿಟ್ಟರು. ನಾನು ನಕ್ಕೆ. ಅವರು ನಗಲಿಲ್ಲ. ತಲೆ ಅಲ್ಲಾಡಿಸಿ, ಬೇಗ ಬೇಗ ಕೈ ತೊಳೆದು ಹೋದರು. ಆಮೇಲೆ ಗೊತ್ತಾಯಿತು, ಹೊರಗೆ ಹೋದವರೇ ನನ್ನ ಹೆಂಡತಿಗೆ ಫೋನು ಮಾಡಿ, "ಮನೇಲಿ ಏನಾದ್ರೂ ತೊಂದರೆ ಇದ್ಯೇನಮ್ಮ? ನಮಗೆ ಒಂದು ಮಾತು ಹೇಳಬಾರದಿತ್ತಾ?" ಅಂದರಂತೆ. ಇವಳು, "ತೊಂದರೆ ಏನಿಲ್ಲ ಮಾವ, ಅವರಿಗೆ ಮುಂದಿನ ತಿಂಗಳು ಪರೀಕ್ಷೆ ಇದೆ," ಅಂದಳಂತೆ. ಆ ಉತ್ತರ ಕೇಳಿ ಅವರ ಚಿಂತೆ ಇನ್ನೂ ಹೆಚ್ಚಾಯಿತು.

ಇತ್ತ ಹುಡುಗಿ ತಕ್ಕಡಿಯ ಮುಂದೆ ಕೂತು ಏನೋ ಯೋಚಿಸುತ್ತಿದ್ದಳು. "ಸರ್, ಹಪ್ಪಳ ಯಾರೂ ಬಿಟ್ಟಿಲ್ಲ. ಒಬ್ಬಟ್ಟೂ ಬಿಟ್ಟಿಲ್ಲ. ಸಾರನ್ನ ಮಾತ್ರ ಎಲ್ಲರ ಎಲೇಲೂ ಅರ್ಧಕ್ಕರ್ಧ ಇದೆ. ಸಾರು ಚೆನ್ನಾಗಿಲ್ವಾ?" ಅಂದಳು. ಎದ್ದು ಹೋಗಿ ಊಟದ ಹಾಲಿನ ಬಾಗಿಲಲ್ಲಿ ನಿಂತು, ಮೂರನೇ ಪಂಕ್ತಿಗೆ ಬಡಿಸುವುದನ್ನು ನೋಡಿ ಬಂದಳು. ಬಂದವಳೇ ಅಡುಗೆ ಭಟ್ಟರ ಮುಂದೆ ನಿಂತಳು. ಭಟ್ಟರು ಎತ್ತರದ ಆಳು, ಹೆಗಲ ಮೇಲೆ ಕೆಂಪು ವಸ್ತ್ರ, ಮಾತು ಕಮ್ಮಿ.

"ಭಟ್ರೇ, ಬಿಸಿಬೇಳೆ ಬಾತ್ ಜಾಸ್ತಿ ಬಡಿಸ್ತಿದಾರೆ."

"ನನಗೆ ಅಡುಗೆ ಹೇಳಿಕೊಡೋಕೆ ಬಂದ್ಯೇನಮ್ಮ?"

"ಅಡುಗೆ ಅಲ್ಲ ಭಟ್ರೇ, ಸೌಟು. ಸಾರು ಬಡಿಸೋ ದೊಡ್ಡ ಸೌಟಲ್ಲೇ ಬಾತೂ ಬಡಿಸ್ತಿದಾರೆ. ಬಾತಲ್ಲೇ ಹೊಟ್ಟೆ ತುಂಬುತ್ತೆ. ಆಮೇಲೆ ನಿಮ್ಮ ಸಾರು ಎಷ್ಟು ಚೆನ್ನಾಗಿದ್ರೂ ತಿನ್ನೋಕೆ ಜಾಗ ಎಲ್ಲಿದೆ?"

ಭಟ್ಟರು ಅವಳನ್ನೇ ನೋಡಿದರು. ನಾನು ಗ್ಲೌಸು ಹಾಕಿದ ಕೈಯಲ್ಲೇ ಮಧ್ಯೆ ಹೋಗೋಣ ಅಂತ ಎದ್ದೆ. ಮೇಡಂ ನನ್ನ ಏಪ್ರನ್ ಹಿಡಿದು ಕೂರಿಸಿದರು. ಭಟ್ಟರು ಒಳಗೆ ಹೋಗಿ, ಪಾತ್ರೆಗಳ ರಾಶಿಯಿಂದ ಚಿಕ್ಕ ಸೌಟೊಂದನ್ನು ತೆಗೆದು ಬಡಿಸುವವರ ಕೈಗೆ ಕೊಟ್ಟರು. "ಕೇಳಿದ್ರೆ ಎರಡನೇ ಸಲ ಹಾಕಿ, ಕೇಳದೆ ಹಾಕಬೇಡಿ," ಅಂದರು.

ನಾಲ್ಕನೇ ಪಂಕ್ತಿ ಎದ್ದಾಗ ಭಟ್ಟರೇ ಹಿತ್ತಲಿಗೆ ಬಂದು, ತೂಕ ಹಾಕುವವರೆಗೂ ಕೈಕಟ್ಟಿ ನಿಂತರು. ಹಿಂದಿನ ಪಂಕ್ತಿಗಳಲ್ಲಿ ಡ್ರಮ್ಮು ತುಂಬಿ ಮೇಲೆ ಬಂದಿದ್ದ ಅನ್ನ ಈ ಸಲ ತಳದಲ್ಲೇ ಇತ್ತು. "ಹಿಂದೆ ನಾನೇ ಪ್ರತಿ ಪಂಕ್ತಿ ಎದ್ದ ಮೇಲೆ ಎಲೆ ನೋಡ್ತಿದ್ದೆ. ಈಚೆಗೆ ಬಿಟ್ಟುಬಿಟ್ಟಿದ್ದೆ," ಅಂದರು. ಆಮೇಲೆ ನಮ್ಮ ಹದಿನೈದು ಜನರನ್ನೂ ಕೂರಿಸಿ, ಒಬ್ಬಟ್ಟಿನ ಮೇಲೆ ತುಪ್ಪ ಸುರಿದು ತಾವೇ ಬಡಿಸಿದರು. ಯಾರೂ ಏನೂ ಬಿಡುವ ಧೈರ್ಯ ಮಾಡಲಿಲ್ಲ.

ಭಟ್ಟರು ಈ ಸುದ್ದಿಯನ್ನು ಛತ್ರದ ಯಜಮಾನರಿಗೆ ಹೇಳಿದ್ದಾರೆ. ಒಂದು ವಾರಕ್ಕೆ ನನಗೆ ಫೋನು ಬಂತು. ಯಜಮಾನರದು ಕಾಟನ್‌ಪೇಟೆಯಲ್ಲಿ ತಲೆಮಾರಿನಿಂದ ನಡೆದುಬಂದ ಬಟ್ಟೆ ವ್ಯಾಪಾರ. ಹುಡುಗಿಯನ್ನು ಕರೆದುಕೊಂಡು ಅವರ ಅಂಗಡಿಗೆ ಹೋದೆ. ಹಣೆ ತುಂಬ ವಿಭೂತಿ ಹಚ್ಚಿದ್ದ ಹಿರಿಯರು ನಮ್ಮನ್ನು ಗಾದಿಯ ಮೇಲೆ ಕೂರಿಸಿ, ಎಳನೀರು ತರಿಸಿದರು.

"ನಮ್ಮದು ಮೂರು ಛತ್ರ ಇದೆ ತಾಯಿ. ಕಸದ ಲಾರಿಯವರ ಹತ್ತಿರ ದಿನಾ ಜಗಳ. ನೀನು ನೋಡ್ಕೋತೀಯಾ?"

ನಾನು ಅವಳ ಪರವಾಗಿ ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದ್ದಳು. ಪ್ರತಿ ಛತ್ರದ ಹಿತ್ತಲಲ್ಲಿ ಗೊಬ್ಬರದ ತೊಟ್ಟಿಗೆ ಎಷ್ಟು ಜಾಗ ಬೇಕು, ಎಷ್ಟು ಜನ ಬೇಕು, ಒಣ ಎಲೆ ಎಲ್ಲಿಂದ ತರಿಸಬೇಕು ಎಲ್ಲವನ್ನೂ ಹೇಳಿದಳು. ಕೊನೆಗೆ, "ಆರ್ಡರ್‌ನಲ್ಲಿ ನನ್ನ ಹುದ್ದೆ ಏನಂತ ಬರೀತೀರಿ?" ಅಂತ ಕೇಳಿದಳು.

"ನೀನೇ ಹೇಳು."

"ಪರಿಸರ ನಿರ್ವಾಹಕಿ."

ಯಜಮಾನರು ಸ್ವಲ್ಪ ಯೋಚಿಸಿ, "ನಿರ್ವಾಹಕಿ ಅಂದ್ರೆ ಬಸ್ ಕಂಡಕ್ಟರ್ ಅಂದ್ಕೋತಾರಲ್ಲಮ್ಮ," ಅಂದರು. ಮೂವರೂ ನಕ್ಕೆವು. ಮೇಲ್ವಿಚಾರಕಿ ಅಂತ ತೀರ್ಮಾನವಾಯಿತು. ಡಿಗ್ರಿ ಪರೀಕ್ಷೆ ಮುಗಿದ ಮರುವಾರವೇ ಅವಳು ಕೆಲಸಕ್ಕೆ ಸೇರಿದಳು.

ಹದಿನಾಲ್ಕು ಜನರಿಗೂ ಹೀಗೆ ಆಯಿತು ಅಂತ ಹೇಳಲಾರೆ. ಒಬ್ಬ ಮಳೆನೀರಿನ ಪೈಪು ಹಾಕಿಸುವ ಕಂಟ್ರಾಕ್ಟರ್ ಹತ್ತಿರ ಸೇರಿ ಈಗ ಸ್ವಂತವಾಗಿ ಮಾಡುತ್ತಿದ್ದಾನೆ. ಐದಾರು ಜನರನ್ನು ಮೇಡಂ ತಮ್ಮ ಅಪಾರ್ಟ್‌ಮೆಂಟುಗಳಿಗೇ ಹಾಕಿಕೊಂಡರು. ಇಬ್ಬರು ಬ್ಯಾಂಕ್ ಪರೀಕ್ಷೆಗೆ ಓದುತ್ತೇವೆ ಅಂತ ಹೋದರು, ಕೆಲವರು ಇನ್ನೂ ಹುಡುಕುತ್ತಿದ್ದಾರೆ. ಮೇಡಂ ಇಟ್ಟ ಪರೀಕ್ಷೆಯಲ್ಲಿ ನಾನೂ ಪಾಸಾದೆ. ಹುಡುಗಿಗಿಂತ ಹನ್ನೊಂದು ಮಾರ್ಕ್ಸು ಕಮ್ಮಿ. ಸೋದರಮಾವನಿಗೆ ನನ್ನ ಹೆಂಡತಿ ಸರ್ಟಿಫಿಕೇಟಿನ ಫೋಟೊ ಕಳಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಈಚೆಗೆ ಅವರ ತಾರಸಿಯಲ್ಲೂ ಗೊಬ್ಬರಕ್ಕೆ ಎರಡು ಮಡಕೆ ಇಡಿಸಿಕೊಂಡಿದ್ದಾರೆ.

ಹೋದ ತಿಂಗಳು ಸ್ಟಾಫ್ ಮೀಟಿಂಗ್ ನಡೆಯುತ್ತಿದ್ದಾಗ ಹುಡುಗಿಯ ಫೋನು ಬಂತು. ಸಾಮಾನ್ಯವಾಗಿ ಎತ್ತುವುದಿಲ್ಲ, ಅವತ್ತು ಎತ್ತಿದೆ. "ಸರ್, ಎರಡನೇ ತೊಟ್ಟೀಲಿ ಬಿಳಿ ಹುಳ ಜಾಸ್ತಿ ಆಗಿದೆ. ಮೇಡಂ ಫೋನ್ ಎತ್ತುತ್ತಿಲ್ಲ. ನಾಳೆ ಬೆಳಿಗ್ಗೆ ಇಲ್ಲಿ ಮದುವೆ."

"ಮೊಸರನ್ನ ಬಿದ್ದಿದ್ಯಾ?"

"ಬಿದ್ದಿದೆ ಸರ್, ನಿನ್ನೆ ನಾಮಕರಣ ಇತ್ತು."

"ಹುಳದಿಂದ ತೊಂದರೆ ಇಲ್ಲ, ಹಸಿ ಜಾಸ್ತಿ ಆಗಿದೆ ಅಷ್ಟೆ. ಒಣ ಎಲೆ ಮೂರು ಚೀಲ ಹಾಕಿ ಚೆನ್ನಾಗಿ ಕೆದಕಿಸು. ಇವತ್ತು ಹೊಸದಾಗಿ ಏನೂ ಸುರೀಬೇಡ."

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಕೆಲಸದ ನಡುವಿನಿಂದ ವಿದ್ಯಾರ್ಥಿಯೊಬ್ಬಳು ನನ್ನ ವಿಷಯದಲ್ಲಿ ಸಂಶಯ ಕೇಳಿದ್ದು ಅದೇ ಮೊದಲು. ಫೋನಿಟ್ಟಾಗ ಎಲ್ಲರೂ ನನ್ನ ಕಡೆಗೇ ತಿರುಗಿದ್ದರು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡುತ್ತಾ, "ಏನ್ರೀ ಅದು?" ಅಂದರು.

"ಹುಳ ಸರ್," ಅಂದೆ, ಎಷ್ಟು ಅದುಮಿಕೊಂಡರೂ ನಿಲ್ಲದ ಸಂತೋಷದಲ್ಲಿ.